ಕಡೇ ನ್ಯಾಯತೀರ್ಪಿನಲ್ಲಿ ಕುರಿ, ಆಡುಗಳನ್ನು ಬೇರೆ ಮಾಡುವುದು ಅಂದರೆ ಏನು?

ಇದು ಬೈಬಲಿನ ಮತ್ತಾಯ 25ನೇ ಅಧ್ಯಾಯದ ಮಾತು. ಕಡೇ ದಿನ ಯೇಸು ಸಿಂಹಾಸನದಲ್ಲಿ ಕೂತು, ಕುರುಬ ಮಂದೆಯನ್ನು ವಿಂಗಡಿಸುವ ಹಾಗೆ ಜನರನ್ನು ವಿಂಗಡಿಸುತ್ತಾನೆ. ಕುರಿ ಬಲಕ್ಕೆ, ಆಡು ಎಡಕ್ಕೆ.

ನಮ್ಮ ಚಳ್ಳಕೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗಲೆಲ್ಲ ಎರಡೂ ಒಟ್ಟಿಗೇ ಮೇಯುತ್ತವೆ; ದೂರದಿಂದ ಕರಿ ಕುರಿ ಯಾವುದು, ಕರಿ ಆಡು ಯಾವುದು ತಿಳಿಯುವುದಿಲ್ಲ. ಹತ್ತಿರ ಹೋದರೆ ಆಡಿನ ಬಾಲ ಮೇಲಕ್ಕೆ, ಕುರಿಯದು ಕೆಳಕ್ಕೆ. ಕುರಿ ಕಾಯುವವನಿಗೆ ಅಷ್ಟೂ ಬೇಡ ಬಿಡಿ.

ತೀರ್ಪಿನ ಗುರುತು ಮಾತ್ರ ಬೇರೆ: ಹಸಿದವನಿಗೆ ಊಟ ಕೊಟ್ಟೆಯಾ, ಬಾಯಾರಿದವನಿಗೆ ನೀರು, ಪರಸ್ಥಳದವನಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ? ರೋಗಿಯನ್ನು, ಸೆರೆಯಲ್ಲಿದ್ದವನನ್ನು ನೋಡಲು ಹೋದೆಯಾ? ಮಾಡಿದವರು ಕುರಿಗಳು, ಮಾಡದವರು ಆಡುಗಳು; ಇವರಿಗೆ ಮಾಡಿದ್ದು ನನಗೇ ಮಾಡಿದ್ದು ಎನ್ನುತ್ತಾನೆ ಯೇಸು. ಸ್ವಾರಸ್ಯ ಏನೆಂದರೆ, ಎರಡೂ ಗುಂಪಿನವರು ಕೇಳುವುದು ಒಂದೇ: ನಿನ್ನನ್ನು ನಾವು ಯಾವಾಗ ನೋಡಿದೆವು? ಒಳ್ಳೆಯದು ಮಾಡಿದವರಿಗೂ ಯಾರಿಗೆ ಮಾಡಿದೆವೆಂದು ಗೊತ್ತಿರಲಿಲ್ಲ.

ಬೈಬಲಿನ ಕಡೇ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದಲ್ಲಿ ಬಿಳಿ ಸಿಂಹಾಸನ, ತೆರೆದ ಪುಸ್ತಕಗಳು ಬರುತ್ತವೆ; ಅಲ್ಲೂ ಅವರವರ ಕೃತ್ಯಗಳ ಲೆಕ್ಕವಿದೆ.

ಆ ತೀರ್ಪಿನ ದಿನ ಯಾವತ್ತು ಅಂತ ಕೇಳಬೇಡಿ. ಬೈಬಲಿನ ಮಾರ್ಕ 13:32ರ ಪ್ರಕಾರ ಅದು ತಂದೆಯಾದ ದೇವರಿಗೆ ಮಾತ್ರ ಗೊತ್ತು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕನ ಅನುಯಾಯಿಗಳು ಯೇಸು ಬರುವುದು 1844ರ ಅಕ್ಟೋಬರ್ 22ಕ್ಕೆ ಎಂದು ನಂಬಿ ಕಾದು ಕೂತಿದ್ದರು. ಮರುದಿನ ಎಂದಿನಂತೆ ಬೆಳಗಾಯಿತು.