ಎರಡು, ರಡ್ಡ್, ರಂಡ್: ಕಾಸರಗೋಡಿನಿಂದ ಒಂದು ಉತ್ತರ

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಬಳಸುವ ನಾವು ಎಣಿಸುವಾಗ ಯಾವ ಭಾಷೆಯಲ್ಲಿ ಎಣಿಸುತ್ತೇವೆ ಎಂದು ನೀವು ಕೇಳಿದ್ದೀರಿ. ಎಲ್ಲ ಅಂಕಿಗಳನ್ನೂ ಹಿಡಿದುಕೊಂಡು ಉತ್ತರಿಸಿದರೆ ಮಾತು ಹರಡಿಹೋಗುತ್ತದೆ. ಆದ್ದರಿಂದ ‘ಎರಡು’ ಎಂಬ ಒಂದೇ ಮಾತನ್ನು ಹಿಡಿದು ಹೇಳುತ್ತೇನೆ. ನಮ್ಮ ಊರಿನಲ್ಲಿ ಈ ಮಾತಿಗೆ ಇರುವಷ್ಟು ರೂಪಗಳು ಬೇರೆ ಯಾವ ಅಂಕಿಗೂ ಇದ್ದಂತೆ ನನಗೆ ಕಾಣುವುದಿಲ್ಲ.

ಕುಂಬಳೆಗೆ ಹೋಗುವ ಬಸ್ಸಿನಲ್ಲಿ ನಾನು ‘ಎರಡು ಕುಂಬಳೆ’ ಎಂದು ಹಣ ಕೊಟ್ಟರೆ ನಿರ್ವಾಹಕರು ‘ರಂಡ್ ಕುಂಬಳ’ ಎಂದು ಉಚ್ಚರಿಸಿ ಚೀಟಿ ಹರಿದು ಕೊಡುತ್ತಾರೆ. ಪಕ್ಕದಲ್ಲಿ ಕುಳಿತ ತಾಯಿ ‘ರಡ್ಡೆನಾ?’ ಎಂದು ತುಳುವಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಹಿಂದಿನ ಆಸನದ ಕೊಂಕಣಿ ಮನೆಯವರ ಬಾಯಲ್ಲಿ ಅದೇ ‘ದೋನ್’. ಇದರಲ್ಲಿ ಯಾರಿಗೂ ಯಾರ ಮಾತೂ ತಡೆಯಲಿಲ್ಲ, ಯಾರೂ ಯಾರಿಗೂ ಅರ್ಥ ಬಿಡಿಸಿ ಹೇಳಲಿಲ್ಲ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ, ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯೂ ಆಯಿತು. ಆದರೆ ಒಂದೇ ಬಸ್ಸಿನಲ್ಲಿ ಇಷ್ಟು ಬಗೆಯಾಗಿ ಎಣಿಸುವ ರೂಢಿ ಆ ಗೆರೆಗಿಂತ ಬಹಳ ಹಳೆಯದು.

ಈ ರೂಪಗಳಲ್ಲಿ ‘ದೋನ್’ ಒಂದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಬೇರಿನವು. ವಿದ್ವಾಂಸರು ಈ ಭಾಷೆಗಳ ಪೂರ್ವಜ ಭಾಷೆಯಾದ ಮೂಲದ್ರಾವಿಡದಲ್ಲಿ ಈ ಮಾತು ‘ಇರಂಡು’ ಎಂಬಂತಿತ್ತೆಂದು ಹೇಳುತ್ತಾರೆ, ತಮಿಳಿನಲ್ಲಿ ಅದು ಇಂದಿಗೂ ಹೆಚ್ಚು ಕಡಿಮೆ ಹಾಗೆಯೇ ಉಳಿದಿದೆ. ಮಲಯಾಳ ಮೊದಲ ಸ್ವರವನ್ನು ಬಿಟ್ಟುಕೊಟ್ಟು ನಡುವಿನ ಅನುನಾಸಿಕವನ್ನು ಉಳಿಸಿಕೊಂಡು ‘ರಂಡ್’ ಎಂದಿತು. ಕನ್ನಡ ಅದಕ್ಕೆ ಸರಿಯಾಗಿ ವಿರುದ್ಧವಾಗಿ, ಮೊದಲ ಸ್ವರವನ್ನು ಕಾಪಾಡಿಕೊಂಡು ಅನುನಾಸಿಕವನ್ನು ಬಿಟ್ಟು ‘ಎರಡು’ ಎಂದಿತು. ತುಳು ಸ್ವರವನ್ನೂ ಅನುನಾಸಿಕವನ್ನೂ ಬಿಟ್ಟು, ಬಿಟ್ಟ ಅನುನಾಸಿಕದ ಜಾಗದಲ್ಲಿ ಡಕಾರವನ್ನು ಇಮ್ಮಡಿಗೊಳಿಸಿ ‘ರಡ್ಡ್’ ಎಂದಿತು. ತೆಲುಗಿನ ‘ರೆಂಡು’, ಕೊಡವರ ‘ದಂಡ್’ ಇದೇ ಮನೆಯವು. ತಂದೆಯ ಆಸ್ತಿಯನ್ನು ಹಂಚಿಕೊಳ್ಳುವಾಗ ಒಬ್ಬ ಮಗ ತೋಟವನ್ನು, ಇನ್ನೊಬ್ಬ ಗದ್ದೆಯನ್ನು ಇಟ್ಟುಕೊಂಡಂತೆ ಈ ಭಾಷೆಗಳು ಒಂದು ಮಾತಿನ ಅಕ್ಷರಗಳನ್ನು ಹಂಚಿಕೊಂಡಿವೆ.

ಮೂಲದಲ್ಲಿ ‘ಇ’ ಇದ್ದರೆ ಕನ್ನಡದಲ್ಲಿ ‘ಎ’ ಹೇಗೆ ಬಂತು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವನ್ನು ಗಡಿನಾಡಿನ ಮಕ್ಕಳು ಯಾವ ವ್ಯಾಕರಣವನ್ನೂ ಓದದೆ, ಊಟದ ಪಂಕ್ತಿಯಲ್ಲಿಯೇ ಕಲಿಯುತ್ತಾರೆ. ಬಾಳೆಯ ‘ಎಲೆ’ ಮಲಯಾಳದಲ್ಲಿ ‘ಇಲ’, ತುಳುವಿನಲ್ಲಿ ‘ಇರೆ’. ಕನ್ನಡದ ‘ಎಡೆ’ ಮಲಯಾಳದಲ್ಲಿ ‘ಇಡ’. ಸಾಟಿ, ಜೊತೆ ಎಂಬ ಅರ್ಥದ ಕನ್ನಡದ ‘ಎಣೆ’ ಅಲ್ಲಿ ‘ಇಣ’, ಅಂದರೆ ಜೊತೆಗಾತಿ ಅಥವಾ ಜೊತೆಗಾರ. ಹೀಗೆಯೇ ನಮ್ಮ ‘ಹೊಗೆ’ ಅವರಿಗೆ ‘ಪುಗ’, ನಮ್ಮ ‘ಕೊಡೆ’ ಅವರಿಗೆ ‘ಕುಡ’. ಮೂಲದ ಮಾತಿನ ಎರಡನೆಯ ಅಕ್ಷರದಲ್ಲಿ ಅಕಾರವೋ ಐಕಾರವೋ ಇದ್ದ ಕಡೆ, ಮೊದಲಕ್ಷರದಲ್ಲಿ ತಮಿಳು ಮಲಯಾಳಗಳು ಇ, ಉ ಎನ್ನುತ್ತವೆ, ಕನ್ನಡ ಎ, ಒ ಎನ್ನುತ್ತದೆ. ‘ಎರಡು’ ಈ ಸಾಲಿಗೆ ಸೇರಿದ್ದು. ಬಾಲ್ಯದಲ್ಲಿ ನಮಗೆ ಇದು ನಿಯಮವೆಂದು ತಿಳಿದಿರಲಿಲ್ಲ, ನೆರೆಮನೆಯವರು ನಮ್ಮ ಮಾತನ್ನೇ ಸ್ವಲ್ಪ ಬೇರೆ ಬಾಯಿಂದ ಆಡುತ್ತಾರೆ ಎಂದಷ್ಟೇ ತಿಳಿದಿತ್ತು, ಅದು ತಪ್ಪು ತಿಳುವಳಿಕೆಯೇನೂ ಆಗಿರಲಿಲ್ಲ.

ಆದರೆ ಕನ್ನಡವೂ ಆ ಇಕಾರವನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಎರಡು ಎಂಬುದು ಇನ್ನೊಂದು ಮಾತಿನ ಮೊದಲಿಗೆ ಬಂದು ಅಂಟಿಕೊಂಡಾಗ ಅದರ ರೂಪ ‘ಇರ್’. ಹಳಗನ್ನಡದಲ್ಲಿ ಇರ್ಪತ್ತು, ಇರ್ಮಡಿ, ಇರ್ವರ್ ಎಂದಿದ್ದ ಮಾತುಗಳು ಇಂದು ಇಪ್ಪತ್ತು, ಇಮ್ಮಡಿ, ಇಬ್ಬರು ಆಗಿವೆ. ಇನ್ನೂರು, ಇಕ್ಕೆಲ, ಇಬ್ಬದಿ, ಇಬ್ಬಗೆ ಎಂಬವನ್ನೂ ಹೀಗೆಯೇ ಬಿಡಿಸಬಹುದು. ಇವನ್ನೆಲ್ಲ ಒಂದರ ಕೆಳಗೊಂದು ಬರೆದು ನೋಡಿದರೆ ಒಂದು ಸೊಗಸು ಕಣ್ಣಿಗೆ ಬೀಳುತ್ತದೆ. ರೇಫ, ಅಂದರೆ ರಕಾರ, ಮರೆಯಾದ ಕಡೆಯಲ್ಲೆಲ್ಲ ಅದರ ಮುಂದಿನ ಅಕ್ಷರ ಇಮ್ಮಡಿಸಿದೆ: ಪ್ಪ, ಮ್ಮ, ಬ್ಬ, ನ್ನ, ಕ್ಕ. ಒಂದೇ ವ್ಯಂಜನ ಹೀಗೆ ಎರಡಾಗುವುದನ್ನು ವ್ಯಾಕರಣ ‘ದ್ವಿತ್ವ’ ಎನ್ನುತ್ತದೆ. ಎರಡು ಎಂಬ ಅರ್ಥವನ್ನು ಹೊತ್ತ ತುಣುಕು ತಾನು ಕರಗಿಹೋಗುವಾಗ ಅಕ್ಷರವನ್ನು ಎರಡಾಗಿಸಿ ಹೋಗಿದೆ. ರೇಫವು ಮುಂದಿನ ವ್ಯಂಜನದಲ್ಲಿ ಲೀನವಾಗುವುದು ಕನ್ನಡದ ಸಾಮಾನ್ಯ ನಡೆ, ಅದಕ್ಕೂ ಅರ್ಥಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತಿದೆ. ಆದರೂ ‘ಇಮ್ಮಡಿ’ ಎಂದು ಬರೆದು ಆ ಒತ್ತಕ್ಷರವನ್ನು ಕೊಡುವಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಪ್ರೌಢಶಾಲೆಯಲ್ಲಿ ಹಳಗನ್ನಡ ಪದ್ಯಗಳನ್ನು ಓದುವಾಗ ‘ಇರ್ವರ್’ ಎಂಬ ಮಾತು ಬಂದರೆ, ಘಟ್ಟದ ಮೇಲಿನಿಂದ ಬಂದು ನಮ್ಮ ತರಗತಿಗೆ ಸೇರಿದ್ದ ಸಹಪಾಠಿಗಳು ಅದರ ಅರ್ಥವನ್ನು ಟಿಪ್ಪಣಿಯಲ್ಲಿ ಹುಡುಕುತ್ತಿದ್ದರು. ತುಳು ಮನೆಯಿಂದ ಬಂದ ನಮಗೆ ಅದರ ಅಗತ್ಯ ಬೀಳಲಿಲ್ಲ. ಇಬ್ಬರು ಎನ್ನುವುದಕ್ಕೆ ನಮ್ಮ ಅಜ್ಜಿ ದಿನವೂ ಹೇಳುತ್ತಿದ್ದ ಮಾತು ‘ಇರ್ವೆರ್’, ಇಪ್ಪತ್ತಕ್ಕೆ ‘ಇರ್ವ’. ಅತ್ತ ಮಲಯಾಳ ಮನೆಯವರಿಗೂ ಇಪ್ಪತ್ತೆಂದರೆ ‘ಇರುಪದ್’, ಇನ್ನೂರೆಂದರೆ ‘ಇರುನೂರ್’, ರೇಫ ಅಲ್ಲಿಯೂ ಗಟ್ಟಿಯಾಗಿ ಕುಳಿತಿದೆ. ಕನ್ನಡವು ನೂರಾರು ವರ್ಷಗಳ ಹಿಂದೆ ಕಳೆದುಕೊಂಡ ಅಕ್ಷರವೊಂದು ನಮ್ಮ ಅಡುಗೆಮನೆಯಲ್ಲಿಯೂ ನೆರೆಯವರ ಅಂಗಳದಲ್ಲಿಯೂ ಉಳಿದಿತ್ತು. ಹಳೆಯ ಕನ್ನಡವನ್ನು ಅರಿಯಲು ನೆರೆಭಾಷೆಗಳು ನಮಗೆ ಅಡ್ಡಿಯಾದವೇ ಎಂದು ನೀವು ಕೇಳಿದ ಇನ್ನೊಂದು ಪ್ರಶ್ನೆಗೂ ಇದೇ ನನ್ನ ಉತ್ತರ.

ಮುಂದಿನ ಮಾತು ಸ್ವರದಿಂದ ಮೊದಲಾದರೆ ಈ ‘ಇರ್’ ದೀರ್ಘವಾಗಿ ‘ಈರ್’ ಆಗುತ್ತದೆ. ಯಕ್ಷಗಾನ ತಾಳಮದ್ದಳೆಯಲ್ಲಿ ಮಾತನಾಡುವ ಅರ್ಥಧಾರಿಗಳು ‘ಈರೇಳು ಲೋಕ’ ಎಂದಾಗ ಅದು ಎರಡು ಏಳು, ಹದಿನಾಲ್ಕು.

ಜೊತೆಯಾಗಿ ಇರಬೇಕಾದ ವಸ್ತುಗಳಿಗೆ ನಾವು ‘ಜೋಡು’ ಎನ್ನುತ್ತೇವೆ. ಈ ಮಾತನ್ನು ನೋಡಬೇಕಾದದ್ದು ಕಂಬಳದ ಗದ್ದೆಯಲ್ಲಿ. ಓಡುವುದು ಕೋಣಗಳ ಜೋಡಿ, ಓಡುವ ಕೆಸರಿನ ಹಾದಿ ‘ಕರೆ’. ಎರಡು ಕರೆಗಳು ಅಕ್ಕಪಕ್ಕದಲ್ಲಿದ್ದರೆ ಅದು ಜೋಡುಕರೆ ಕಂಬಳ. ಆ ಎರಡು ಕರೆಗಳಿಗೂ ಹೆಸರಿಡುವ ಪದ್ಧತಿಯಿದೆ, ಹೆಸರುಗಳೂ ಜೋಡಿಯಾಗಿಯೇ ಇರುತ್ತವೆ: ಪುತ್ತೂರಿನಲ್ಲಿ ಕೋಟಿ–ಚೆನ್ನಯ, ಉಪ್ಪಿನಂಗಡಿಯಲ್ಲಿ ವಿಜಯ–ವಿಕ್ರಮ, ಮಿಯಾರಿನಲ್ಲಿ ಲವ–ಕುಶ, ನಮ್ಮ ಕಡೆಯ ಪೈವಳಿಕೆಯಲ್ಲಿ ಅಣ್ಣ–ತಮ್ಮ. ಪೈವಳಿಕೆಯ ಹೆಸರೇ ನನಗೆ ಹೆಚ್ಚು ಇಷ್ಟ. ಓಟದಲ್ಲಿ ಒಂದು ಕರೆಯ ಕೋಣಗಳು ಗೆಲ್ಲುತ್ತವೆ, ಇನ್ನೊಂದರವು ಸೋಲುತ್ತವೆ, ಆದರೆ ಕರೆಗಳು ಅಣ್ಣ ತಮ್ಮಂದಿರು.

ಕೋಟಿ ಚೆನ್ನಯರು ಪಾಡ್ದನಗಳೆಂಬ ತುಳು ಜನಪದ ಕಥನಗೀತೆಗಳ ಅವಳಿ ವೀರರು. ಈ ‘ಅವಳಿ’ ಎಂಬ ಮಾತು ಮಾತ್ರ ದ್ರಾವಿಡದ್ದಲ್ಲ. ಸಂಸ್ಕೃತದ ‘ಯಮಲ’ವು ಒಂದು ದಾರಿಯಲ್ಲಿ ಯಕಾರವನ್ನು ಕಳೆದುಕೊಂಡು ಅಮಳ, ಅವಳಿ ಎಂದಾಯಿತು, ಇನ್ನೊಂದು ದಾರಿಯಲ್ಲಿ ಪ್ರಾಕೃತದ ಜಕಾರವನ್ನು ಪಡೆದು ಜವಳಿ ಎಂದಾಯಿತು. ಕನ್ನಡಿಗರು ಈ ಎರಡನ್ನೂ ಕೂಡಿಸಿ ‘ಅವಳಿಜವಳಿ’ ಎನ್ನುತ್ತಾರೆ, ಒಂದೇ ಬಸಿರಿನಲ್ಲಿ ಹುಟ್ಟಿದ ಎರಡು ಮಾತುಗಳನ್ನು ಒಂದೇ ಬಸಿರಿನಲ್ಲಿ ಹುಟ್ಟಿದ ಎರಡು ಮಕ್ಕಳಿಗೆ ಹೆಸರಾಗಿ ಕೊಟ್ಟಿದ್ದಾರೆ. ಮಲಯಾಳದವರಿಗೆ ಅವಳಿಯೆಂದರೆ ‘ಇರಟ್ಟ’, ಅಲ್ಲಿ ನಮ್ಮ ಹಳೆಯ ‘ಇರ್’ ಮತ್ತೆ ಕಾಣಸಿಗುತ್ತದೆ.

ಕೊಂಕಣಿ ಮರಾಠಿಗಳ ‘ದೋನ್’ ಬಂದದ್ದು ಸಂಸ್ಕೃತದ ‘ದ್ವಿ’ಯ ಕಡೆಯಿಂದ. ಅದೇ ಬೇರಿನಿಂದ ಹುಟ್ಟಿ, ಎರಡಾಗಿರುವಿಕೆ ಎಂಬುದನ್ನೇ ನೇರವಾಗಿ ಹೇಳುವ ‘ದ್ವೈತ’ ಎಂಬ ಮಾತಿಗೂ ನಮ್ಮ ನೆಲಕ್ಕೂ ಹತ್ತಿರದ ನಂಟಿದೆ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕುಂಬಳೆ ಸೀಮೆಯ ಅರಸ ಜಯಸಿಂಹನ ಕಾಲದಲ್ಲಿ ಇಲ್ಲಿಗೆ ಬಂದು, ಅದ್ವೈತ ಪಂಡಿತರಾಗಿದ್ದ ತ್ರಿವಿಕ್ರಮ ಪಂಡಿತರೊಡನೆ ಹಲವು ದಿನ ವಾದ ನಡೆಸಿದರೆಂದೂ, ಕೊನೆಗೆ ತ್ರಿವಿಕ್ರಮರು ಅವರ ಶಿಷ್ಯರಾದರೆಂದೂ ಸಂಪ್ರದಾಯ ಹೇಳುತ್ತದೆ. ಮಧ್ವರ ಚರಿತೆಯನ್ನು ಕಾವ್ಯವಾಗಿ ಬರೆದ ನಾರಾಯಣ ಪಂಡಿತಾಚಾರ್ಯರು ಈ ತ್ರಿವಿಕ್ರಮರ ಮಗ. ಆ ದರ್ಶನದವರು ತಮ್ಮ ಮತವನ್ನು ತತ್ತ್ವವಾದ ಎನ್ನುತ್ತಾರೆ. ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡು ಬಗೆ ಎಂಬುದು ಅದರ ಅಡಿಗಲ್ಲು, ದ್ವೈತವೆಂಬ ಹೆಸರು ಜನರ ನಾಲಿಗೆಯಲ್ಲಿ ನಿಂತದ್ದು. ಇದೇ ಜಿಲ್ಲೆಯ ಎಡನೀರಿನಲ್ಲಿ ಶಂಕರರ ಪರಂಪರೆಯ ಅದ್ವೈತ ಮಠವೂ ಇದೆ, ಎರಡೂ ಕಡೆಯ ಭಕ್ತರು ಒಂದೇ ಬಯಲಿನಲ್ಲಿ ಕುಳಿತು ಯಕ್ಷಗಾನ ನೋಡುತ್ತಾರೆ.

ಇನ್ನು ಅರ್ಥದ ಮಾತು. ಕನ್ನಡದಲ್ಲಿ ‘ಎರಡು’ ಬರಿಯ ಸಂಖ್ಯೆಯಲ್ಲ. ‘ಎರಡು ದಿನ ಇದ್ದು ಹೋಗಿ’, ‘ಎರಡು ತುತ್ತು ಉಂಡು ಹೋಗಿ’ ಎಂದಾಗ ಅದು ಅಳತೆಯಲ್ಲ, ಸ್ನೇಹ. ಮಲಯಾಳದವರು ‘ರಂಡು ವಾಕ್ಕ್’ ಎಂದು ವೇದಿಕೆಯಲ್ಲಿ ಮಾತಿಗೆ ಕರೆದಾಗಲೂ ಹಾಗೆಯೇ. ‘ಎರಡು ಮಾತಿಲ್ಲ’ ಎಂದರೆ ಸಂದೇಹವಿಲ್ಲ. ಆದರೆ ‘ಎರಡು ಬಗೆಯುವುದು’ ಎಂದರೆ ದ್ರೋಹ, ‘ಎರಡು ನಾಲಿಗೆಯವನು’ ಎಂದರೆ ನಂಬಲಾಗದವನು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆಯನ್ನು ಕೇಳುತ್ತ ಬೆಳೆದ ನಮಗೆ, ದೂರದಿಂದ ಬಂದವರು ‘ನೀವು ಕನ್ನಡದವರೋ ಕೇರಳದವರೋ’ ಎಂದು ಕೇಳಿದಾಗ ಮನಸ್ಸು ನೋಯುತ್ತದೆ. ಆ ಪ್ರಶ್ನೆಯೊಳಗೆ, ಎರಡನ್ನು ಇಟ್ಟುಕೊಂಡವರು ಎರಡು ಬಗೆಯುವವರು ಎಂಬ ಅನುಮಾನ ಅಡಗಿದೆ. ನಮ್ಮ ನಾಲಿಗೆಯ ಮೇಲೆ ಮೂರು ನಾಲ್ಕು ಭಾಷೆಗಳಿರುವುದು ನಿಜ, ಆದರೆ ಹೇಳುವ ವಿಷಯ ಎಲ್ಲದರಲ್ಲೂ ಒಂದೇ. ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿ ಉಳಿಯಬೇಕು, ಕನ್ನಡದಲ್ಲಿ ಬರೆದ ಅರ್ಜಿಗೆ ಕನ್ನಡದಲ್ಲಿ ಉತ್ತರ ಸಿಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ, ಅದಕ್ಕಾಗಿ ನೆರೆಮನೆಯ ‘ರಂಡ್’ ನನ್ನ ಕಿವಿಗೆ ಪರಕೀಯವಾಗಬೇಕಾಗಿಲ್ಲ.

ನೀವು ಕೇಳಿದ್ದಕ್ಕೆ ಈಗ ನೇರ ಉತ್ತರ. ಸೇರಿನಲ್ಲಿ ಅಕ್ಕಿ ಅಳೆಯುವಾಗ ನಾನು ತುಳುವಿನಲ್ಲಿ ಎಣಿಸುತ್ತೇನೆ, ಹಿರಿಯರ ರೂಢಿಯಂತೆ ಮೊದಲ ಸೇರಿಗೆ ಒಂದು ಎನ್ನದೆ ‘ಲಾಭ’ ಎಂದು ಹೇಳಿ ‘ರಡ್ಡ್’ನಿಂದ ಮುಂದುವರಿಯುತ್ತೇನೆ. ಪೇಟೆಯ ಅಂಗಡಿಯಲ್ಲಿ ಹಣ ಕೊಡುವಾಗ ಎದುರಿನವರ ಭಾಷೆಯಲ್ಲಿ ಎಣಿಸುತ್ತೇನೆ, ಹೆಚ್ಚಾಗಿ ಅದು ಮಲಯಾಳ. ಆದರೆ ಉಳಿದ ಚಿಲ್ಲರೆ ಎಷ್ಟೆಂದು ಮನಸ್ಸಿನಲ್ಲಿ ಲೆಕ್ಕ ಹಾಕುವಾಗ ಒಳಗೆ ಕೇಳಿಸುವುದು ಒಂದನೆಯ ತರಗತಿಯಲ್ಲಿ ಸಾಲಾಗಿ ನಿಂತು ಹೇಳಿದ ಮಗ್ಗಿ: ಎರಡೊಂದಲಿ ಎರಡು, ಎರಡೆರಡಲಿ ನಾಲ್ಕು.