ಬಸಿರಿನಲ್ಲಿ ಟಿಡಿ ಹಾಕಿಸಿಕೊಂಡ ಮೇಲೂ ಟಿಡ್ಯಾಪ್ ಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿದ್ದು ಹೀಗೆ: ಇದು ಎರಡನೆಯ ಬಸಿರು, ಐದು ತಿಂಗಳು ತುಂಬಿದೆ, ಮೊದಲ ಮಗುವಿಗೆ ಒಂದೂವರೆ ವರ್ಷ. ಉಪಕೇಂದ್ರದ ಸಿಸ್ಟರ್ ಟಿಡಿ ಬೂಸ್ಟರ್ ಕೊಟ್ಟಿದ್ದಾರೆ. ಸ್ಕ್ಯಾನಿಂಗ್ ಮಾಡಿಸಿದ ಆಸ್ಪತ್ರೆಯ ವೈದ್ಯರು ಏಳನೆಯ ತಿಂಗಳಲ್ಲಿ ಟಿಡ್ಯಾಪ್ ಹಾಕಿಸಿಕೊಳ್ಳಿ ಎಂದಿದ್ದಾರೆ. ಹೊಟ್ಟೆಯಲ್ಲಿ ಕೂಸಿರುವಾಗ ಇಷ್ಟು ಇಂಜೆಕ್ಷನ್ ಏಕೆ ಎಂದು ಅತ್ತೆಯವರು ಹೆದರಿದ್ದಾರೆ. ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಬಹಳ ವರ್ಷ ಹಳ್ಳಿಗಳಲ್ಲಿ ಲಸಿಕೆ ಹಾಕಿದವಳಾಗಿ ಉತ್ತರಿಸುತ್ತಿದ್ದೇನೆ.

ಸಿಸ್ಟರ್ ಹೇಳಿದ್ದೂ ಸರಿ, ವೈದ್ಯರು ಹೇಳಿದ್ದೂ ಸರಿ. ಹಿಂದೆ ಟಿಟಿ ಎನ್ನುತ್ತಿದ್ದ ಇಂಜೆಕ್ಷನ್ನಿನ ಜಾಗಕ್ಕೆ ಈಗ ಬಂದಿರುವ ಟಿಡಿ, ಧನುರ್ವಾಯು ಮತ್ತು ಗಂಟಲಮಾರಿಗಳಿಂದ ಕಾಪಾಡುತ್ತದೆ. ಮೊದಲ ಬಸಿರಿನಲ್ಲಿ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಕೊಡುತ್ತಾರೆ. ಅವನ್ನು ಪಡೆದು ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದು ಬೂಸ್ಟರ್ ಸಾಕು. ಆದ್ದರಿಂದ ನಿಮ್ಮ ಟಿಡಿಯ ಲೆಕ್ಕ ಮುಗಿದಿದೆ. ಟಿಡ್ಯಾಪ್‌ನಲ್ಲಿ ಇವೆರಡರ ಜೊತೆಗೆ ನಾಯಿಕೆಮ್ಮಿನ ಲಸಿಕೆಯೂ ಇರುತ್ತದೆ, ಮತ್ತು ವೈದ್ಯರು ಅದನ್ನು ಹೇಳಿರುವುದು ಮುಖ್ಯವಾಗಿ ಹುಟ್ಟಲಿರುವ ಮಗುವಿಗಾಗಿ.

ನಮ್ಮ ಲಸಿಕೆ ಪಟ್ಟಿಯಲ್ಲಿ ಮಗುವಿಗೆ ನಾಯಿಕೆಮ್ಮಿನ ರಕ್ಷಣೆ ಕೊಡುವ ಪೆಂಟಾವಲೆಂಟ್ ಶುರುವಾಗುವುದೇ ಆರನೆಯ ವಾರಕ್ಕೆ. ಅನಂತರ ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಉಳಿದ ಡೋಸ್‌ಗಳು. ಆದರೆ ಈ ಕಾಯಿಲೆ ಅತಿ ಅಪಾಯಕಾರಿಯಾಗಿರುವುದು ಅದೇ ಮೊದಲ ಎರಡು ಮೂರು ತಿಂಗಳಲ್ಲಿ. ದೊಡ್ಡ ಮಕ್ಕಳಂತೆ ಎಳೆಗೂಸು ಗಟ್ಟಿಯಾಗಿ ಕೆಮ್ಮದೆಯೂ ಇರಬಹುದು. ಉಸಿರು ನಿಂತು ಮೈ ನೀಲಿಗಟ್ಟುವುದೇ ಮೊದಲ ಲಕ್ಷಣವಾಗಬಹುದು. ತಾಯಿಗೆ ಬಸಿರಿನ 27ರಿಂದ 36ನೆಯ ವಾರದೊಳಗೆ ಲಸಿಕೆ ಕೊಟ್ಟರೆ ಅವಳ ರಕ್ತದಲ್ಲಿ ಹುಟ್ಟುವ, ರೋಗವನ್ನು ಎದುರಿಸುವ ಪ್ರತಿಕಾಯಗಳು ಮಾಸಿನ ಮೂಲಕ ಮಗುವನ್ನು ಸೇರುತ್ತವೆ. ಅವು ಕೆಲವೇ ತಿಂಗಳಲ್ಲಿ ತಾಯಿಯಲ್ಲಿ ಕಡಿಮೆಯಾಗುವುದರಿಂದ ಪ್ರತಿ ಬಸಿರಿನಲ್ಲೂ ಹೊಸದಾಗಿ ಹಾಕಿಸಿಕೊಳ್ಳಬೇಕೆನ್ನುವುದು. ಬ್ರಿಟನ್ನಿನಲ್ಲಿ 2012ರಿಂದ ಬಸುರಿಯರಿಗೆ ನಾಯಿಕೆಮ್ಮಿನ ಲಸಿಕೆ ಕೊಡುತ್ತಿದ್ದಾರೆ. ನಮ್ಮಲ್ಲಿ ಟಿಡ್ಯಾಪ್ ಹೆಚ್ಚಾಗಿ ಖಾಸಗಿ ಆಸ್ಪತ್ರೆಗಳಲ್ಲಿ, ಹಣ ಕೊಟ್ಟು ಹಾಕಿಸಿಕೊಳ್ಳುವ ಲಸಿಕೆಯಾಗಿ ಉಳಿದಿದೆ ಎಂಬುದು ನನಗೆ ನೋವಿನ ಸಂಗತಿ. ಈಗಾಗಲೇ ಟಿಡಿ ಹಾಕಿಸಿಕೊಂಡಿರುವುದು ಇದಕ್ಕೆ ಅಡ್ಡಿಯಲ್ಲ.

ಅತ್ತೆಯವರ ಭಯವನ್ನು ದಯವಿಟ್ಟು ತಳ್ಳಿಹಾಕಬೇಡಿ. ಹಸುಗೂಸುಗಳ ಧನುರ್ವಾಯು ಅವರ ತಲೆಮಾರಿನವರಿಗೆ ಗೊತ್ತಿರುವ ಸಂಕಟ: ಎರಡು ದಿನ ಚೆನ್ನಾಗಿ ಮೊಲೆಯುಂಡ ಮಗು ಆಮೇಲೆ ಬಾಯಿ ಬಿಡಲಾರದೆ, ಮೈ ಸೆಟೆದು ಬಿಲ್ಲಿನಂತೆ ಬಾಗುತ್ತಿತ್ತು, ಕಾಯಿಲೆಯ ಹೆಸರೂ ಅದರಿಂದಲೇ ಬಂದದ್ದು. ಶುಚಿಯಿಲ್ಲದ ಬ್ಲೇಡಿನಿಂದ ಹೊಕ್ಕುಳಬಳ್ಳಿ ಕತ್ತರಿಸಿ ಬೂದಿಯನ್ನೋ ಸೆಗಣಿಯನ್ನೋ ಹಚ್ಚುತ್ತಿದ್ದ ದಿನಗಳವು. ಬಸುರಿಯರ ಲಸಿಕೆ ಮತ್ತು ಆಸ್ಪತ್ರೆಯ ಹೆರಿಗೆ ಎರಡೂ ಸೇರಿ, 2015ರಲ್ಲಿ ಭಾರತ ಇದನ್ನು ನಿವಾರಿಸಿದ ದೇಶವೆನಿಸಿತು. ಇದನ್ನು ನೀವೇ ಅವರ ಪಕ್ಕ ಕುಳಿತು ಹೇಳಿ.

ಅವರ ಆತಂಕದಲ್ಲಿ ನಿಜದ ಅಂಶವೂ ಒಂದಿದೆ. ದಡಾರ, ರುಬೆಲ್ಲಾ, ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್ ಇವುಗಳ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವುದರಿಂದ ಬಸುರಿಯರಿಗೆ ಅವನ್ನು ಕೊಡುವುದಿಲ್ಲ. ಟಿಡಿ ಮತ್ತು ಟಿಡ್ಯಾಪ್‌ನಲ್ಲಿ ಜೀವಂತ ರೋಗಾಣು ಇಲ್ಲವೇ ಇಲ್ಲ. ತೋಳು ನೋಯಬಹುದು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ಹಿಂದೆ ಯಾವುದಾದರೂ ಲಸಿಕೆಗೆ ಉಸಿರುಗಟ್ಟಿದ್ದರೆ ಅಥವಾ ಮೈಯೆಲ್ಲ ಊದಿದ್ದರೆ ಮಾತ್ರ ಮೊದಲೇ ವೈದ್ಯರಿಗೆ ತಿಳಿಸಿ.

ಟಿಡ್ಯಾಪ್ ಹಾಕಿಸಿಕೊಂಡ ದಿನವೇ ಅದನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಹೆರಿಗೆಗೆ ತವರಿಗೆ ಹೋಗುವುದಾದರೆ, ಅಲ್ಲಿಯ ಆಸ್ಪತ್ರೆಯವರು ಕೇಳುವ ಮೊದಲ ಕಾಗದ ಅದೇ.