ಓದುಗರ ಪ್ರಶ್ನೆ, ನಮ್ಮ ಉತ್ತರ: ಜಗುಲಿಯಿಲ್ಲದ ಬೀದಿಯಲ್ಲಿ

ಪ್ರಶ್ನೆ: ಮಾವನವರು ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಅತ್ತೆಯವರನ್ನು ಪಾವಗಡದ ಹತ್ತಿರದ ಹಳ್ಳಿಯಿಂದ ತುಮಕೂರಿಗೆ ಕರೆತಂದೆವು. ಅವರಿಗೆ ಈಗ 71 ವರ್ಷ. ನಾವಿರುವುದು ಹೊಸ ಬಡಾವಣೆಯೊಂದರಲ್ಲಿ, ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ನಾನೂ ನಮ್ಮ ಯಜಮಾನರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮರಳುವುದು ಸಂಜೆ ಏಳಕ್ಕೆ. ಊರಿನಲ್ಲಿ ದಿನವಿಡೀ ಮಾತನಾಡುತ್ತಿದ್ದ ಅತ್ತೆ ಈಗ ಕೇಳಿದ್ದಕ್ಕಷ್ಟೇ ಉತ್ತರಿಸುತ್ತಾರೆ, ಮೆಟ್ಟಿಲಿಳಿದು ಹೊರಗೆ ಹೋಗುವುದೇ ಇಲ್ಲ. ಮಾತಿನಲ್ಲಿ ತೆಲುಗು ಬೆರೆಯುತ್ತದೆಂದು ಅಕ್ಕಪಕ್ಕದವರೊಡನೆ ಬೆರೆಯಲು ಸಂಕೋಚಪಡುತ್ತಾರೆ. ನಮ್ಮ ಆರೈಕೆಯಲ್ಲಿ ಏನು ಕೊರತೆಯಾಗಿದೆಯೋ ತಿಳಿಯುತ್ತಿಲ್ಲ.
— ಓದುಗರೊಬ್ಬರು, ತುಮಕೂರು

ಉತ್ತರ: ಕೊರತೆ ನಿಮ್ಮ ಆರೈಕೆಯಲ್ಲಿದೆ ಎಂದು ನನಗೆ ಅನ್ನಿಸುವುದಿಲ್ಲ, ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬೇರೆ ಕಾರಣ ಹುಡುಕುವ ಮುನ್ನ ಒಂದು ಕೆಲಸ ಆಗಬೇಕು. ವಯಸ್ಸಾದವರು ಮೌನವಾಗುವುದಕ್ಕೆ ಕಿವಿ ಮಂದವಾಗಿರುವುದು, ಕಣ್ಣಿನ ಪೊರೆ, ಮಂಡಿನೋವು, ಸಂಗಾತಿಯನ್ನು ಕಳೆದುಕೊಂಡ ಮೇಲೆ ಆವರಿಸಿದ ಖಿನ್ನತೆ, ಹೀಗೆ ಯಾವುದು ಬೇಕಾದರೂ ಕಾರಣವಾಗಿರಬಹುದು. ಆದ್ದರಿಂದ ಆಸ್ಪತ್ರೆಯಲ್ಲಿ ಒಮ್ಮೆ ತಪಾಸಣೆ ಮಾಡಿಸಿ. ಊಟ, ನಿದ್ರೆಗಳೂ ಕಡಿಮೆಯಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ. ಅದಕ್ಕೆ ಶುಲ್ಕವಿಲ್ಲ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು.

ಇನ್ನು ಊರಿನ ವಿಚಾರಕ್ಕೆ ಬರುತ್ತೇನೆ. ಹಳ್ಳಿಯಲ್ಲಿ ಅತ್ತೆಯವರು ಯಾರ ಸಂಗಡ ಮಾತನಾಡುತ್ತಿದ್ದರು ಎನ್ನುವುದಕ್ಕಿಂತ ಎಲ್ಲಿ ಕುಳಿತು ಮಾತನಾಡುತ್ತಿದ್ದರು ಎಂಬುದನ್ನು ನೆನಪಿಸಿಕೊಳ್ಳಿ. ಜಗುಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಲೋ ಸೊಪ್ಪು ಸೋಸುತ್ತಲೋ ಕುಳಿತವರಿಗೆ ಮಾತಿಗಾಗಿ ಯಾರನ್ನೂ ಕರೆಯಬೇಕಾಗಿರಲಿಲ್ಲ. ಹೊಲಕ್ಕೆ ಹೋಗುವವರು, ನೀರಿಗೆ ಬಂದವರು, ಶಾಲೆಯಿಂದ ಮರಳುವ ಮಕ್ಕಳು ತಾವಾಗಿಯೇ ಎದುರಾಗುತ್ತಿದ್ದರು. ಜಗುಲಿ ಮನೆಯೊಳಗೂ ಅಲ್ಲ, ಬೀದಿಯೂ ಅಲ್ಲ. ಅಲ್ಲಿ ಕುಳಿತವರು ಯಾರ ಅತಿಥಿಯೂ ಆಗದೆ, ಯಾರನ್ನೂ ಒಳಗೆ ಕರೆದು ಕಾಫಿ ಕೊಡಬೇಕಾದ ಹೊಣೆಯೂ ಇಲ್ಲದೆ, ಎರಡು ಮಾತಾಡಿ ಸುಮ್ಮನಾಗಬಹುದಿತ್ತು. ನಾನು ಬಾಲ್ಯ ಕಳೆದ ಚಿಕ್ಕಪೇಟೆಯ ಮನೆಯಲ್ಲಿ ಅಜ್ಜಿ ಮಧ್ಯಾಹ್ನ ಮೂರಕ್ಕೆ ಜಗುಲಿಗೆ ಬಂದರೆ ದೀಪ ಹಚ್ಚುವ ಹೊತ್ತಿಗೆ ಒಳಗೆ ಹೋಗುತ್ತಿದ್ದರು. ಸೊಪ್ಪಿನಾಕೆ ತಲೆಯ ಮೇಲಿನ ಬುಟ್ಟಿಯನ್ನು ಅಲ್ಲಿಯೇ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು, ಕೇರಿಯ ಸುದ್ದಿಯೆಲ್ಲ ಅಲ್ಲಿಗೆ ಬಂದು ಸೇರುತ್ತಿತ್ತು. ಅಜ್ಜಿಗೆ ಒಂಟಿತನ ಎಂಬ ಪದ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ಆದರೆ ಅದರ ಅನುಭವವಾಗಲು ಆ ಜಗುಲಿ ಬಿಟ್ಟಿರಲಾರದು.

ಈಗಿನ ಬಡಾವಣೆಗಳಲ್ಲಿ ಆಗಿರುವುದೇನು? ಸೈಟಿನ ಅಂಚಿನವರೆಗೂ ಗೋಡೆ ಏರುತ್ತದೆ, ಜಗುಲಿ ಇರಬೇಕಾದಲ್ಲಿ ಕಾಂಪೌಂಡು ಮತ್ತು ಗೇಟು ಬರುತ್ತವೆ, ಕಾರು ಹತ್ತಿಸಲು ಕಟ್ಟಿದ ಇಳಿಜಾರು ಚರಂಡಿಯನ್ನು ದಾಟಿ ರಸ್ತೆಗೆ ಚಾಚಿಕೊಳ್ಳುತ್ತದೆ. ಎರಡು ಮಹಡಿ ಇಳಿದು ಬಂದ ಮುದುಕಿಯೊಬ್ಬರಿಗೆ ಅಲ್ಲಿ ಕೂರಲು ಕಲ್ಲಿಲ್ಲ, ನಿಲ್ಲಲು ನೆರಳಿಲ್ಲ, ನಡೆಯಲು ಬೈಕುಗಳು ಬಿಡುವುದಿಲ್ಲ. ಹೊರಗೆ ಹೋಗಿ ಮಾಡುವುದಾದರೂ ಏನು ಎಂದು ಅವರು ಮೇಲೆಯೇ ಉಳಿದರೆ ಅದನ್ನು ಅವರ ಸ್ವಭಾವವೆಂದು ನಾವು ತಿಳಿಯುತ್ತೇವೆ.

ಇದು ಕೇವಲ ಹಳೆಯ ಕಾಲದ ಹಂಬಲವಲ್ಲ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸದ ಪ್ರಾಧ್ಯಾಪಕರು ಸುಮಾರು ಐದೂವರೆ ದಶಕಗಳ ಹಿಂದೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ಬಗೆಯ ಮನೆಗಳಿದ್ದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000 ಓಡಾಡುತ್ತಿದ್ದವು. ವಾಹನ ಕಡಿಮೆಯಿದ್ದ ಬೀದಿಯವರಿಗೆ ತಮ್ಮ ಬೀದಿಯಲ್ಲಿಯೇ ಸರಾಸರಿ ಮೂವರು ಸ್ನೇಹಿತರಿದ್ದರೆ, ಅತಿ ಹೆಚ್ಚು ವಾಹನವಿದ್ದ ಬೀದಿಯವರಿಗೆ ಸರಾಸರಿ ಒಬ್ಬರಿಗಿಂತಲೂ ಕಡಿಮೆ. ಬಿ.ಎಚ್. ರಸ್ತೆಯ ಅಂಚಿನಲ್ಲಿ ವಾಸಿಸುವವರನ್ನೂ ಒಳಗಿನ ಅಡ್ಡರಸ್ತೆಯವರನ್ನೂ ಕೇಳಿ ನೋಡಿದರೆ ಇದರ ನಿಜ ಇಲ್ಲಿಯೂ ತಿಳಿಯುತ್ತದೆ.

ನೀವು ಮನೆ ಬದಲಿಸುವ ಸ್ಥಿತಿಯಲ್ಲಿದ್ದರೆ, ಮುಂದಿನ ಮನೆ ಚಿಕ್ಕದಾದರೂ ನೆಲಮಹಡಿಯಲ್ಲಿರಲಿ. ಆಗದಿದ್ದರೆ ಮನೆಯ ಮಾಲೀಕರನ್ನು ಕೇಳಿ, ಗೇಟಿನ ಒಳಬದಿಯಲ್ಲಿ ರಸ್ತೆ ಕಾಣುವಂತೆ ಒಂದು ಕಲ್ಲುಚಪ್ಪಡಿ ಹಾಕಿಸಿ, ಖರ್ಚು ಹೆಚ್ಚಲ್ಲ. ಸಂಜೆ ಅಲ್ಲಿ ಸುಮ್ಮನೆ ಕೂರಿ ಎಂದರೆ ಅವರು ಒಪ್ಪಲಾರರು, ಕೆಲಸ ಬೇಕು. ಹಾಲು ತರುವುದನ್ನೋ ತಳ್ಳುಗಾಡಿಯವರಿಂದ ತರಕಾರಿ ಆರಿಸುವುದನ್ನೋ ಪೂರ್ತಿಯಾಗಿ ಅವರಿಗೆ ವಹಿಸಿ, ಅವರು ತಂದ ಬದನೆಕಾಯಿ ಬಲಿತಿದ್ದರೂ ದೂರಬೇಡಿ. ಭಾಷೆಯ ಸಂಕೋಚ ಬೇಗ ಕರಗುತ್ತದೆ ಎಂಬ ನಂಬಿಕೆ ನನಗಿದೆ, ಏಕೆಂದರೆ ಪಾವಗಡ, ಮಡಕಶಿರಾ, ಹಿಂದೂಪುರದ ಕಡೆಯಿಂದ ಬಂದು ನೆಲೆಸಿದವರು ತುಮಕೂರಿನಲ್ಲಿ ಇದ್ದಾರೆ. ಬೀದಿಯಲ್ಲಿ ಅಂಥ ಒಬ್ಬರು ಸಿಕ್ಕರೆ ಸಾಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ನಗರ ಸಾರಿಗೆ ಬಸ್ಸಿನಲ್ಲಿ ಅವರು ಹಣ ಕೊಡಬೇಕಾಗಿಲ್ಲ. ಮೊದಲ ಎರಡು ಭಾನುವಾರ ನೀವೇ ಜೊತೆಯಾಗಿ ಕ್ಯಾತಸಂದ್ರದ ಬಸ್ಸು ಹತ್ತಿಸಿ ಸಿದ್ಧಗಂಗೆಗೆ ಕರೆದುಕೊಂಡು ಹೋಗಿ. ದಾಸೋಹದ ಪಂಕ್ತಿಯಲ್ಲಿ ಯಾವ ಊರಿನವರು, ಯಾವ ಮಾತಿನವರು ಎಂದು ಯಾರೂ ಕೇಳುವುದಿಲ್ಲ. ಹೊಸ ಊರಿನಲ್ಲಿ ಹಿಂಜರಿಯುವ ಹಿರಿಯರಿಗೆ ಅದು ಎಷ್ಟು ದೊಡ್ಡ ಧೈರ್ಯ ಎಂಬುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಫುಟ್‌ಪಾತಿನ ಮೇಲೆ ಹೂವು, ಹಣ್ಣು ಮಾರುವವರು ಕುಳಿತಿರುವುದರಿಂದ ನಮ್ಮಂಥ ವಯಸ್ಸಾದವರು ರಸ್ತೆಗೆ ಇಳಿದು ನಡೆಯಬೇಕಾಗಿದೆ. ಎಲ್ಲರನ್ನೂ ಎಬ್ಬಿಸಿದರೆ ಊರು ಸುಧಾರಿಸುವುದಿಲ್ಲವೇ?
— ನಿವೃತ್ತ ನೌಕರರು, ತುಮಕೂರು

ಉತ್ತರ: ನಿಮ್ಮ ಕಷ್ಟ ನಿಜ, ಆದರೆ ನೀವು ಸೂಚಿಸುವ ಪರಿಹಾರವನ್ನು ನಾನು ಒಪ್ಪಲಾರೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ವಾಸದ ಬಡಾವಣೆಗಳಲ್ಲಿಯೂ ಫುಟ್‌ಪಾತಿನಲ್ಲಿ ಅಡಚಣೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಆ ಅಗಲವನ್ನು ತಿನ್ನುತ್ತಿರುವವರನ್ನು ಎಣಿಸುತ್ತ ಒಮ್ಮೆ ನಡೆದು ನೋಡಿ. ನಿಲ್ಲಿಸಿದ ಬೈಕುಗಳು, ಟ್ರಾನ್ಸ್‌ಫಾರ್ಮರು, ಅಂಗಡಿಗಳ ಬೋರ್ಡು, ಮನೆಗಳ ಇಳಿಜಾರು, ಮುಚ್ಚಳ ಹೋದ ಚರಂಡಿ ಇವೆಲ್ಲದರ ನಡುವೆ ಹೂವಿನಾಕೆಯ ಬುಟ್ಟಿ ಹಿಡಿಯುವ ಜಾಗ ಬಹಳ ಸಣ್ಣದು. ಆದರೂ ನಮ್ಮ ಕಣ್ಣಿಗೆ ಮೊದಲು ಬೀಳುವವಳು ಆಕೆಯೇ.

ಇನ್ನೊಂದು ಸಂಗತಿಯನ್ನೂ ಗಮನಿಸಿ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಬೀಸಿದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಒಂಟಿಯಾಗಿ ಬದುಕುತ್ತಿದ್ದ ವೃದ್ಧರು ಬಹಳ. ಅಕ್ಕಪಕ್ಕದ ಎರಡು ಬಡ ಪ್ರದೇಶಗಳಲ್ಲಿ ಒಂಟಿ ವೃದ್ಧರ ಪ್ರಮಾಣದಲ್ಲಿ ಹೆಚ್ಚು ಅಂತರವಿರದಿದ್ದರೂ, ಒಂದರಲ್ಲಿ ಸಾವಿನ ಪ್ರಮಾಣ ಇನ್ನೊಂದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಸಾವು ಕಡಿಮೆಯಿದ್ದ ಕಡೆ ಬೀದಿಯಲ್ಲಿ ಅಂಗಡಿಗಳಿದ್ದವು, ವ್ಯಾಪಾರಿಗಳಿದ್ದರು, ಜನರ ಓಡಾಟವಿತ್ತು; ವೃದ್ಧರು ಸೆಕೆ ತಾಳಲಾರದೆ ಹೊರಗೆ ಬಂದರು, ಬಾರದವರನ್ನು ಇತರರು ವಿಚಾರಿಸಿದರು ಎಂದು ಇದನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರು ವಿವರಿಸಿದರು. ಇನ್ನೊಂದು ಪ್ರದೇಶದ ಬೀದಿಗಳು ಬಿಕೋ ಎನ್ನುತ್ತಿದ್ದವು, ಹೊರಗೆ ಬರಲು ಜನ ಹೆದರುತ್ತಿದ್ದರು. ನೀವು ನಾಲ್ಕು ದಿನ ಕಾಣದಿದ್ದರೆ, ಸಾಹೇಬರು ಯಾಕೆ ಬರಲಿಲ್ಲ ಎಂದು ಮೊದಲು ಕೇಳುವವರು ಬಹುಶಃ ನಿಮ್ಮ ಬೀದಿಯ ಬಾಳೆಹಣ್ಣಿನವರೇ ಆಗಿರುತ್ತಾರೆ.

ಕಾನೂನು ಕೂಡ ಇಬ್ಬರಿಗೂ ಜಾಗ ಹೊಂದಿಸಲು ದಾರಿ ತೋರಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪ್ರತಿ ಊರಿನಲ್ಲಿಯೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಆ ಪೈಕಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ನಿಮ್ಮ ಅರ್ಜಿಯಲ್ಲಿ ಎಬ್ಬಿಸಿ ಎಂದು ಬರೆಯುವ ಬದಲು, ನಡೆಯುವ ಪಟ್ಟಿಗೂ ಮಾರಾಟದ ಪಟ್ಟಿಗೂ ನಡುವೆ ಬಣ್ಣದ ಗೆರೆ ಎಳೆಯಿರಿ, ಬೈಕುಗಳನ್ನು ತೆರವು ಮಾಡಿಸಿ ಎಂದು ಬರೆಯಿರಿ. ಅದಕ್ಕೆ ಹೂವಿನಾಕೆಯೂ ಸಹಿ ಹಾಕುತ್ತಾರೆ.

ಪ್ರಶ್ನೆ: ನಾನು ಗಾಲಿಕುರ್ಚಿ ಬಳಸುತ್ತೇನೆ. ನಮ್ಮ ಬಡಾವಣೆಯ ಪಾರ್ಕಿನ ಬಾಗಿಲಲ್ಲಿ ದನ ನುಗ್ಗದಂತೆ ಇಕ್ಕಟ್ಟಾದ ಕಬ್ಬಿಣದ ತಡೆ ಹಾಕಿದ್ದಾರೆ. ಹೊರಗೆ ನಿಂತು ಮಗಳು ಆಡುವುದನ್ನು ನೋಡುತ್ತೇನೆ. ನಾನು ಯಾರನ್ನು ಕೇಳಲಿ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನೀವು ಕೇಳುತ್ತಿರುವುದು ಉಪಕಾರವಲ್ಲ, ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ಹೇಳುತ್ತದೆ. ಸ್ಥಳೀಯ ಸಂಸ್ಥೆಯ ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ ಅರ್ಜಿ ಬರೆದು, ಬಾಗಿಲಿನ ಫೋಟೋ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಆ ಪ್ರತಿಯೊಂದಿಗೆ ವಿಕಲಚೇತನರ ಹಕ್ಕುಗಳಿಗಾಗಿ ಇರುವ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅರ್ಜಿಯಲ್ಲಿ ಅಳತೆಗಳನ್ನು ತಪ್ಪದೆ ಬರೆಯಿರಿ: ಬಾಗಿಲಿನ ಅಗಲ ಕನಿಷ್ಠ 90 ಸೆಂಟಿಮೀಟರ್, ಇಳಿಜಾರು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಅಳತೆ ಹೇಳದಿದ್ದರೆ ಹತ್ತಲಾಗದಷ್ಟು ಕಡಿದಾದ ಸಿಮೆಂಟಿನ ಇಳಿಜಾರನ್ನು ಕಟ್ಟಿ ಕೆಲಸ ಮುಗಿಯಿತೆನ್ನುವುದನ್ನು ಹಲವೆಡೆ ನೋಡಿದ್ದೇನೆ. ದನಗಳ ಭಯಕ್ಕೆ ಪಕ್ಕದಲ್ಲಿ ಚಿಲಕವಿರುವ ಅಗಲವಾದ ಗೇಟು ಸಾಕು, ಆದರೆ ಅದಕ್ಕೆ ಬೀಗ ಹಾಕಕೂಡದು ಎಂಬ ಮಾತೂ ಅರ್ಜಿಯಲ್ಲಿರಲಿ. ಪಾರ್ಕಿಗೆ ಬರುವ ಹಿರಿಯರಿಂದಲೂ ಮಗುವಿನ ಗಾಡಿ ತಳ್ಳುವ ತಾಯಂದಿರಿಂದಲೂ ಸಹಿ ಮಾಡಿಸಿ; ಆ ತಡೆ ಅವರಿಗೂ ತೊಡಕೇ. ಏನಾಯಿತೆಂದು ಮುಂದಿನ ತಿಂಗಳು ದಯವಿಟ್ಟು ಬರೆಯಿರಿ.